ಹದಿನೇಳು ಸೆಕೆಂಡಿನ ಮೀಟರು

ಮಂಗಳವಾರ, ತಾರೀಖು ಹದಿನಾಲ್ಕು. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಉಪಕರಣ ಪರೀಕ್ಷಾಲಯದ ನಿರ್ದೇಶಕರು ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರದೆ, "ಮೇಡಂ, ನಮ್ಮ ಮೂರನೇದು ಕಾಣ್ತಾ ಇಲ್ಲ" ಎಂದರು.

ಇನ್‌ಸ್ಪೆಕ್ಟರಮ್ಮ ತಟ್ಟನೆ ನೆಟ್ಟಗೆ ಕೂತರು. ಪೆನ್ನು ಎತ್ತಿಕೊಂಡು, "ವಯಸ್ಸೆಷ್ಟು? ಗಂಡೋ ಹೆಣ್ಣೋ? ಕೊನೇ ಸಲ ಎಲ್ಲಿ ನೋಡಿದ್ರಿ?" ಎಂದು ಕೇಳಿಯೇಬಿಟ್ಟರು.

"ಅಯ್ಯೋ, ಮಗು ಅಲ್ಲ ಮೇಡಂ. ಮೀಟರು. ಗೈಗರ್ ಕೌಂಟರು."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ನಗು ತಡೆಯಲಾರದೆ ಕೆಮ್ಮಿದರು. ಠಾಣೆಯಲ್ಲಿ ಅವರ ಹೆಸರೇ ಚಿಕ್ಕಪ್ಪ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇನ್‌ಸ್ಪೆಕ್ಟರಮ್ಮನಿಂದ ಹಿಡಿದು ಲಾಕಪ್ಪಿನಲ್ಲಿದ್ದವರವರೆಗೆ ಎಲ್ಲರಿಗೂ ಅವರು ಚಿಕ್ಕಪ್ಪನೇ. ಅವರ ಒಂದು ಗುಣವನ್ನು ಇಲ್ಲೇ ಹೇಳಿಬಿಡಬೇಕು. ಪಂಚನಾಮೆ ಬರೆಯಲು ಕೂತರೆ ಕಸದ ಬುಟ್ಟಿಯಲ್ಲಿ ಎಷ್ಟು ಕಾಗದವಿದೆ ಎನ್ನುವುದನ್ನೂ ಬಿಡುವವರಲ್ಲ. ಹಿಂದಿನ ಇನ್‌ಸ್ಪೆಕ್ಟರಿಗೆ ಇದರಿಂದ ತಲೆ ಚಿಟ್ಟು ಹಿಡಿದುಹೋಗಿತ್ತು. ಈ ಇನ್‌ಸ್ಪೆಕ್ಟರಮ್ಮ ಮಾತ್ರ, "ಬರೀಲಿ ಬಿಡಿ, ಮಸಿ ಸರ್ಕಾರದ್ದು" ಎಂದು ಸುಮ್ಮನಿದ್ದರು.

ದೂರು ಇಷ್ಟು. ವಿಕಿರಣ ಎನ್ನುವುದು ಕಣ್ಣಿಗೆ ಕಾಣದು, ಮೂಗಿಗೆ ಬಡಿಯದು. ಅದು ಎಲ್ಲಿದೆ, ಎಷ್ಟಿದೆ ಎಂದು ಹೇಳುವ ಕೈಮೀಟರೇ ಗೈಗರ್ ಕೌಂಟರು. ಅಗ್ನಿಶಾಮಕ ದಳದವರು ಇಂಥ ನಲವತ್ತು ಮೀಟರು ಕೊಳ್ಳಲು ಹೊರಟಿದ್ದರು. ಐದು ಕಂಪನಿಯವರು ಒಂದೊಂದು ಮಾದರಿ ಕೊಟ್ಟಿದ್ದರು. ಯಾವುದು ಒಳ್ಳೆಯದೆಂದು ಹೋಲಿಸಿ ನೋಡಿ ಹೇಳುವುದು ಪರೀಕ್ಷಾಲಯದ ಕೆಲಸ. ಮುಲಾಜು ಬರಬಾರದೆಂದು ಕಂಪನಿಯ ಹೆಸರು ಮುಚ್ಚಿ ಒಂದರಿಂದ ಐದರವರೆಗೆ ನಂಬರು ಅಂಟಿಸಿದ್ದರು. ಒಂದು, ಎರಡು, ನಾಲ್ಕು, ಈ ಮೂರೂ ಪರೀಕ್ಷೆಗೆಂದು ಮೈಮೇಲೆ ನೀರು ಬಿಟ್ಟ ದಿನವೇ ಕಣ್ಣು ಮುಚ್ಚಿದ್ದವು. ಉಳಿದದ್ದು ಮೂರು ಮತ್ತು ಐದು. ಗುರುವಾರ ಹನ್ನೊಂದು ಗಂಟೆಗೆ ವರದಿಗೆ ಸಹಿ ಬೀಳಬೇಕು. ಸೋಮವಾರ ಸಂಜೆ ಬೀರುವಿನಲ್ಲಿದ್ದ ಮೂರನೇ ನಂಬರು ಮಂಗಳವಾರ ಬೆಳಗ್ಗೆ ಮಾಯ.

"ಇಬ್ಬರಲ್ಲಿ ಗೆಲ್ತಾ ಇದ್ದದ್ದು ಯಾರು?"

"ಮೂರನೇದೇ ಮೇಡಂ. ನೂರಕ್ಕೆ ನಾಲ್ಕರಷ್ಟು ತಪ್ಪು, ಅಷ್ಟೇ. ಐದನೇದು ನೂರಕ್ಕೆ ಹದಿನೆಂಟು ತಪ್ಪು ಹೇಳುತ್ತೆ."

"ಈಗ ಮೂರನೇದು ಇಲ್ಲದಿದ್ರೆ?"

"ಸಹಿ ದಿನ ಮಾದರಿ ಹಾಜರಿಲ್ಲ ಅಂದ್ರೆ ಆ ಕಂಪನಿ ಪಟ್ಟಿಯಿಂದಲೇ ಹೊರಗೆ. ನಲವತ್ತೂ ಐದನೇದೇ ಆಗುತ್ತೆ."

ಇನ್‌ಸ್ಪೆಕ್ಟರಮ್ಮನೂ ಚಿಕ್ಕಪ್ಪನೂ ಮುಖ ಮುಖ ನೋಡಿಕೊಂಡರು. ಇಷ್ಟು ಸಲೀಸಾದ ಕೇಸು ವರ್ಷಕ್ಕೆ ಒಂದು ಬಂದರೆ ಹೆಚ್ಚು. ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದೂವರೆಗೆ ಅವರು ಪರೀಕ್ಷಾಲಯದಲ್ಲಿದ್ದರು. ಉದ್ದನೆಯ ಕೋಣೆ. ಒಂದು ತುದಿಯಲ್ಲಿ ಸೀಸದ ಇಟ್ಟಿಗೆಗಳ ಗೋಡೆ, ಅದರ ನಡುವೆ ನಾಣ್ಯದಷ್ಟು ತೂತು, ತೂತಿಗೊಂದು ಮುಚ್ಚಳ. ಹಿಂದೆ ಬಟಾಣಿ ಕಾಳಿನಷ್ಟು ಗಾತ್ರದ ವಿಕಿರಣದ ಗುಂಡು. ತೂತಿನ ಎದುರು ಹಳಿ, ಹಳಿಯ ಮೇಲೆ ಮೀಟರು ಇಡುವ ತಳ್ಳುಗಾಡಿ. ಬೂದುಬಣ್ಣದ ಕೋಟು ತೊಟ್ಟು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದ ಹಿರಿಯರೊಬ್ಬರು ಎದ್ದು ನಿಂತರು. ಮೂವತ್ತೆರಡು ವರ್ಷದಿಂದ ಇಲ್ಲಿ ಮೀಟರು ಪರೀಕ್ಷಿಸುತ್ತಿದ್ದವರು. ಕಸ ಗುಡಿಸುವವಳಿಂದ ನಿರ್ದೇಶಕರವರೆಗೆ ಎಲ್ಲರೂ ಅವರನ್ನು ಕರೆಯುವುದು ಮೀಟರ್ ಮಾಮ ಎಂದೇ.

ಬೀರುವಿನ ಬೀಗ ಒಡೆದಿರಲಿಲ್ಲ. ಕಿಟಕಿಯ ಸರಳು ಗಟ್ಟಿಯಾಗಿತ್ತು. ಬೀರುವಿಗೆ ಎರಡೇ ಬೀಗದ ಕೈ. ಒಂದು ನಿರ್ದೇಶಕರ ಬಳಿ, ಇನ್ನೊಂದು ಮಾಮನ ಸೊಂಟದ ದಾರದಲ್ಲಿ.

"ನಿನ್ನೆ ಬೀರು ಮುಚ್ಚಿದ್ದು?"

"ನಾನೇ ಮೇಡಂ. ಐದೂ ನಲವತ್ತಕ್ಕೆ."

"ಆಗ ಮೂರನೇದು ಒಳಗಿತ್ತಾ?"

"ಬೀಗ ನಾನೇ ಹಾಕಿದ್ದು. ಎಳೆದು ಕೂಡ ನೋಡಿದೆ."

"ಬೀಗದ ಕೈ ಬೇರೆ ಯಾರಿಗಾದ್ರೂ ಕೊಟ್ಟಿದ್ರಾ?"

"ಮೂವತ್ತೆರಡು ವರ್ಷದಲ್ಲಿ ಒಂದು ದಿನಾನೂ ಕೊಟ್ಟಿಲ್ಲ."

ಚಿಕ್ಕಪ್ಪ ಮೇಜಿನ ಮೇಲಿನ ಒಂದೊಂದು ವಸ್ತುವನ್ನೂ ಬರೆದುಕೊಳ್ಳುತ್ತ ಒಂದು ತಟ್ಟೆಯಿಂದ ಬ್ಯಾಟರಿ ಎತ್ತಿದರು. ಮಾಮ ಬೆಂಕಿ ಮುಟ್ಟಿದವರಂತೆ ಓಡಿಬಂದರು. "ಅಲ್ಲೇ ಇಡಿ ಅಣ್ಣಾ, ಒಂದೊಂದಕ್ಕೂ ಚೀಟಿ ಅಂಟಿಸಿದ್ದೀನಿ. ಸುಮ್ಮನೆ ಕೂರೋ ಮೀಟರಿನೊಳಗೆ ಬ್ಯಾಟರಿ ಬಿಡಬಾರದು. ಸೋರಿ, ಹೊಟ್ಟೆ ಹಾಳು ಮಾಡುತ್ತೆ."

"ನಮ್ಮ ಠಾಣೆ ಟಾರ್ಚಿಗೂ ಅದೇ ಕಾಯಿಲೆ" ಎಂದು ಚಿಕ್ಕಪ್ಪ ತಲೆದೂಗಿ ಅದನ್ನೂ ಬರೆದುಕೊಂಡರು. ಟಾರ್ಚನ್ನಲ್ಲ, ಬ್ಯಾಟರಿಯನ್ನು.

"ಈ ಮೀಟರು ಹೇಗೆ ಪರೀಕ್ಷೆ ಮಾಡ್ತೀರಿ? ನಮಗೂ ತೋರಿಸಿ" ಎಂದರು ಇನ್‌ಸ್ಪೆಕ್ಟರಮ್ಮ.

ಕೇಳಿದ್ದೇ ತಡ, ಮಾಮನ ಮುಖ ಅರಳಿತು. ಐದನೇ ನಂಬರನ್ನು ಗಾಡಿಯ ಮೇಲಿಟ್ಟು, ಎಲ್ಲರನ್ನೂ ಗೆರೆಯಾಚೆ ನಿಲ್ಲಿಸಿ, ದಾರ ಎಳೆದು ಮುಚ್ಚಳ ತೆಗೆದರು. ತೆಗೆಯುವುದಕ್ಕೂ ಮೀಟರು ಒಗ್ಗರಣೆಯ ಸಾಸಿವೆಯಂತೆ ಚಟಪಟಗುಟ್ಟುವುದಕ್ಕೂ ಸರಿಹೋಯಿತು. ಅದರ ಮೇಲಿನ ಅಂಕಿ ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಎಂಬತ್ತು, ನೂರ ಮೂವತ್ತು, ತೊಂಬತ್ತೈದು ಎಂದು ಕುಣಿಯಿತು.

"ಆತುರಗಾರನಿಗೆ ಬುದ್ಧಿ ಮಟ್ಟ" ಎಂದರು ಚಿಕ್ಕಪ್ಪ.

ಮಾಮನಿಗೆ ಸಿಟ್ಟು ಬಂತು. ತಮ್ಮ ಮೊಮ್ಮಗನನ್ನು ಯಾರೋ ಕಪ್ಪು ಎಂದಂತೆ ಮುಖ ಮಾಡಿದರು. "ಹಾಗಂದ್ರೆ ಹೇಗೆ ಅಣ್ಣಾ? ಬೇಳೆಯಲ್ಲಿ ಕಲ್ಲು ಹುಡುಕೋಕೆ ಕಣ್ಣು ಬೇಕೋ, ತಕ್ಕಡಿ ಬೇಕೋ? ಕಲ್ಲು ಸಿಕ್ಕ ಮೇಲೆ ತಕ್ಕಡಿಗೆ ಹಾಕಿ, ಎಷ್ಟು ತೂಕ ಅಂತ ನಿಧಾನವಾಗಿ ನೋಡಿ, ಯಾರು ಬೇಡ ಅಂದ್ರು? ಇದು ಎರಡು ಸೆಕೆಂಡಿಗೆ ಕೂಗುತ್ತೆ. ಎಷ್ಟಿದೆ ಅಂತ ಸರಿಯಾಗಿ ಹೇಳಲ್ಲ, ಆದ್ರೆ ಇದೆ ಅಂತ ಹೇಳುತ್ತೆ."

"ಮೂರನೇದು?"

"ಅದು ಬಂದದ್ದನ್ನೆಲ್ಲ ಕೂಡಿಸಿ, ಸರಾಸರಿ ತೆಗೆದು, ಆಮೇಲೆ ಬಾಯಿ ಬಿಡುತ್ತೆ. ಟಿಕ್ ಟಿಕ್ ಅನ್ನೋ ಸದ್ದು ಕೂಡ ಇಲ್ಲ. ಕಿರಿಕಿರಿ ಅಂತ ಕಂಪನಿಯವರು ತೆಗೆದಿದ್ದಾರಂತೆ."

"ವರದಿಯಲ್ಲಿ ಅದು ಬರಲ್ವಾ?"

ಉತ್ತರ ನಿರ್ದೇಶಕರಿಂದ ಬಂತು. "ಬರುತ್ತೆ ಮೇಡಂ. ಫಾರಂನಲ್ಲಿ ಇದೆ ನೋಡಿ: ಮೂವತ್ತು ಸೆಕೆಂಡಿನೊಳಗೆ ಸ್ಪಂದಿಸುತ್ತದೆಯೇ, ಹೌದು ಅಥವಾ ಇಲ್ಲ. ಎರಡಕ್ಕೂ ಹೌದು. ಅದಕ್ಕೆ ಅಂಕ ಇಲ್ಲ. ಅಂಕ ಇರೋದು ನಿಖರತೆಗೆ ಮಾತ್ರ." ಮಾಮ ಮುಚ್ಚಳ ಮುಚ್ಚಿ ದಾರ ಸುತ್ತಿಟ್ಟರು.

ಮಧ್ಯಾಹ್ನ ಮೂರಕ್ಕೆ, ನಿರ್ದೇಶಕರ ಗುಟ್ಟಿನ ಪಟ್ಟಿಯಲ್ಲಿ ಹೆಸರು ನೋಡಿ, ಐದನೇ ಮೀಟರಿನ ಕಂಪನಿಯ ಸೇಲ್ಸ್‌ಮನ್ನನನ್ನು ಕರೆಸಲಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಒಳಗೆ ಬರುವ ಮೊದಲೇ ಬಾಗಿಲಲ್ಲಿ ನಿಂತು, "ನಾನಲ್ಲ ಸಾರ್, ನಾನಲ್ಲ ಮೇಡಂ" ಎಂದ. ಮಾತು ಬಾಯೊಳಗೇ ಅರ್ಧ ಉಳಿಯುತ್ತಿತ್ತು. ಎಡಗೆನ್ನೆ ಬನ್ನಿನಂತೆ ಊದಿಕೊಂಡಿತ್ತು.

"ಕೆನ್ನೆಗೆ ಏನಾಯ್ತು?"

"ಹಲ್ಲು ಕೀಳಿಸಿದೆ. ನಿನ್ನೆ ಸಂಜೆ ಐದೂಕಾಲಿನಿಂದ ಏಳೂವರೆವರೆಗೆ. ಡಾಕ್ಟರ್ ಚೀಟಿ ಇದೆ. ಹಲ್ಲೂ ಇದೆ, ತೋರಿಸ್ಲಾ?"

"ಬೇಡ. ಆಮೇಲೆ?"

"ಅಕ್ಕನ ಮನೆಯಲ್ಲಿ ಬೆಳಗಿನವರೆಗೂ ನರಳ್ತಾ ಇದ್ದೆ. ಅಕ್ಕನ್ನೇ ಕೇಳಿ, ಅವಳಿಗೂ ನಿದ್ದೆ ಇಲ್ಲ."

"ಪರೀಕ್ಷಾಲಯದಲ್ಲಿ ಯಾರಾದ್ರೂ ನಿಮ್ಮ ಕಡೆಯವರು ಇದ್ದಾರಾ?"

"ನಮ್ಮ ಕಡೆಯವರಾ? ಒಂದ್ಸಲ ಸಿಹಿ ಡಬ್ಬ ತಗೊಂಡು ಹೋಗಿ, ನಮ್ಮ ಮೀಟರು ಇದೇ ಅಂತ ತೋರಿಸಿದ್ದೆ. ಮೀಟರ್ ಮಾಮ ಡಬ್ಬ ಸಮೇತ ಗೇಟಿನಿಂದ ಆಚೆ ಹಾಕಿದ್ರು. 'ನಿನ್ನ ಮೀಟರು ಚೆನ್ನಾಗಿದೆ, ನೀನು ಚೆನ್ನಾಗಿಲ್ಲ' ಅಂದ್ರು."

ಡಾಕ್ಟರು ಹೌದೆಂದರು. ಅಕ್ಕ ಹೌದೆಂದಳು, ಜೊತೆಗೆ ತಮ್ಮನ ಬಗ್ಗೆ ಇನ್ನೂ ಹತ್ತು ದೂರು ಹೇಳಿದಳು. ಸಲೀಸಾದ ಕೇಸು ಅಲ್ಲಿಗೆ ಮುಗ್ಗರಿಸಿತು.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಇನ್‌ಸ್ಪೆಕ್ಟರಮ್ಮ, "ಚಿಕ್ಕಪ್ಪ, ನಿಮ್ಮ ಪುರಾಣ ಓದಿ" ಎಂದರು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಸ್ಥಳ ಪಂಚನಾಮೆ ಶುರುಮಾಡಿದರು. ಬೀರು ಒಂದು, ಹಸಿರು ಬಣ್ಣ. ಕುರ್ಚಿ ಮೂರು, ಒಂದರ ಕಾಲು ಗಿಡ್ಡ. ಸ್ಟಾಪ್‌ವಾಚು ಒಂದು. ಕಸದ ಬುಟ್ಟಿಯಲ್ಲಿ ಕಾಗದ ಏಳು. ಬ್ಯಾಟರಿ ತಟ್ಟೆ ಒಂದು, ಅದರಲ್ಲಿ ಬ್ಯಾಟರಿ ಎಂಟು. ಒಂದು, ಎರಡು, ನಾಲ್ಕು ಎಂದು ಚೀಟಿ ಅಂಟಿಸಿದವು ತಲಾ ಎರಡು, ತಾರೀಖು ಎಂಟು. ಮೂರು ಎಂದು ಚೀಟಿ ಅಂಟಿಸಿದವು ಎರಡು, ತಾರೀಖು ಹದಿಮೂರು.

"ನಿಲ್ಲಿಸಿ. ಹದಿಮೂರು ಅಂದ್ರೆ ಸೋಮವಾರ. ಕಳುವಾದ ದಿನ."

"ಹೌದು ಮೇಡಂ."

"ಮೀಟರು ಕದ್ದವನು ಬ್ಯಾಟರಿ ಬಿಚ್ಚಿ, ಚೀಟಿ ಅಂಟಿಸಿ, ತಾರೀಖು ಹಾಕಿ, ತಟ್ಟೆಯಲ್ಲಿಟ್ಟು ಹೋದನಾ?"

ಚಿಕ್ಕಪ್ಪ ಬರೆದದ್ದನ್ನು ಕಣ್ಣಿಗೆ ಹತ್ತಿರ ಹಿಡಿದು ಇನ್ನೊಮ್ಮೆ ಓದಿದರು. ಲೋಕದಲ್ಲಿ ಎಷ್ಟೋ ಬಗೆಯ ಕಳ್ಳರನ್ನು ಅವರು ನೋಡಿದ್ದರು. ಕದಿಯುವ ವಸ್ತುವಿನ ಹೊಟ್ಟೆ ಕೆಡಬಾರದೆಂದು ಕಾಳಜಿ ಮಾಡಿದವನನ್ನು ನೋಡಿರಲಿಲ್ಲ. ಇಬ್ಬರ ಮನಸ್ಸಿನಲ್ಲೂ ಒಬ್ಬರೇ ಬಂದು ನಿಂತರು. ಇಬ್ಬರಿಗೂ ಅದು ಇಷ್ಟವಾಗಲಿಲ್ಲ.

"ಛೇ, ಆ ಮನುಷ್ಯನಾ?" ಎಂದರು ಚಿಕ್ಕಪ್ಪ.

"ನಿನ್ನೆ ನಾನು ಕೇಳಿದ್ದು ಮೂರನೇದು ಒಳಗಿತ್ತಾ ಅಂತ. ಅವರು ಹೇಳಿದ್ದು ಬೀಗ ಹಾಕಿದೆ ಅಂತ. ಸುಳ್ಳು ಹೇಳೋಕೆ ಬರಲ್ಲ ಪಾಪ, ಪಕ್ಕಕ್ಕೆ ಸರಿದುಕೊಂಡ್ರು."

ಹತ್ತೂವರೆಗೆ ನಿರ್ದೇಶಕರ ಕೋಣೆಯಲ್ಲಿ ಕಡತ ತೆರೆಯಿತು. ಚೀಟಿಯ ಬರಹ ಮಾಮನದೇ. ಅದೇ ಬರಹದಲ್ಲಿ ಮೂರು ಪತ್ರಗಳೂ ಇದ್ದವು. ಮೂರರಲ್ಲೂ ಒಂದೇ ವಿಷಯ: ಸ್ಪಂದಿಸುವ ಸಮಯಕ್ಕೂ ಅಂಕ ಕೊಡಬೇಕು, ಇಲ್ಲವಾದರೆ ನಡೆಯುತ್ತ ಹುಡುಕುವವರಿಗೆ ಅಪಾಯ. ಮೂರಕ್ಕೂ ನಿರ್ದೇಶಕರ ಒಂದೇ ಉತ್ತರ: ಫಾರಂನಲ್ಲಿ ಅವಕಾಶವಿಲ್ಲ.

"ಮಾಮನ ಸ್ವಂತದವರು ಯಾರಾದ್ರೂ ಅಗ್ನಿಶಾಮಕ ದಳದಲ್ಲಿ ಇದ್ದಾರಾ?"

"ಇದ್ರೆ ಪರೀಕ್ಷೆಯಿಂದಲೇ ದೂರ ಇಡ್ತಿದ್ವಿ ಮೇಡಂ. ನಿಯಮ ಅದು. ಇಲ್ಲ ಅಂತ ಬರೆದುಕೊಟ್ಟಿದ್ದಾರೆ."

ಹನ್ನೆರಡಕ್ಕೆ ಇನ್‌ಸ್ಪೆಕ್ಟರಮ್ಮ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿದ್ದರು. ಕೆಂಪು ಗಾಡಿಗಳನ್ನು ತೊಳೆಯುತ್ತಿದ್ದರು, ನೀರಿನ ಪೈಪುಗಳನ್ನು ಉದ್ದಕ್ಕೆ ಒಣಹಾಕಿದ್ದರು. ಅಲ್ಲಿನ ಅಧಿಕಾರಿ ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಮೀಟರನ್ನು ಹೇಗೆ ಬಳಸುತ್ತೀರೆಂದು ಕೇಳಿದ್ದಕ್ಕೆ, ಗಾಡಿಯ ಕೆಳಗಿಂದ ಒಬ್ಬ ಗಿಡ್ಡ ಹುಡುಗಿಯನ್ನು ಕರೆದು, "ತೋರಿಸಮ್ಮ" ಎಂದರು.

ಅವಳು ಕೈ ಒರೆಸಿಕೊಂಡು, ಸಾಬೂನಿನ ಡಬ್ಬಿಯನ್ನೇ ಮೀಟರಿನಂತೆ ಮುಂದೆ ಹಿಡಿದು ನಡೆದಳು. "ಸೆಕೆಂಡಿಗೆ ಒಂದು ಹೆಜ್ಜೆ ಮೇಡಂ. ಹೊಗೆಯಲ್ಲಿ ಏನೂ ಕಾಣಲ್ಲ. ಮೀಟರು ಕೂಗಿದ ತಕ್ಷಣ ನಿಲ್ಲೋದು, ಮೂರು ಹೆಜ್ಜೆ ಹಿಂದೆ ಬರೋದು."

"ಎಲ್ಲರಿಗಿಂತ ಮುಂದೆ ಹೋಗೋರು ಯಾರು?"

"ನಾನೇ. ಗಿಡ್ಡಕ್ಕಿದ್ದೀನಲ್ಲ, ಎಂಥ ಸಂದಿಯಲ್ಲೂ ನುಗ್ತೀನಿ."

"ಹೆದರಿಕೆ ಆಗಲ್ವಾ?"

"ಮೀಟರು ಸರಿ ಇದ್ರೆ ಯಾಕೆ ಹೆದರಿಕೆ? ಅದನ್ನ ಪರೀಕ್ಷೆ ಮಾಡ್ತಿರೋದು ನಮ್ಮಪ್ಪ!"

ಅಧಿಕಾರಿಯ ಮೀಸೆ ಸರಕ್ಕನೆ ಇತ್ತ ತಿರುಗಿತು. ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಯಾರ ಹತ್ರಾನೂ ಹೇಳ್ಬೇಡ ಅಂದಿದ್ರು ಅಪ್ಪ. ಏನಾದ್ರೂ ತೊಂದ್ರೆ ಆಗುತ್ತಾ ಮೇಡಂ?"

ಇನ್‌ಸ್ಪೆಕ್ಟರಮ್ಮ ಅವಳ ಭುಜ ತಟ್ಟಿ ಜೀಪಿನ ಕಡೆ ನಡೆದರು. ಅವರಿಗೂ ಒಬ್ಬ ಅಪ್ಪ. ಮಗಳು ಪೊಲೀಸ್ ಸೇರುತ್ತೇನೆ ಎಂದಾಗ ಎರಡು ದಿನ ಮಾತು ಬಿಟ್ಟವರು, ಇಂದಿಗೂ ದಿನಾ ಫೋನು ಮಾಡಿ ಊಟ ಆಯಿತಾ ಎಂದು ಕೇಳುವವರು. ಊಟದ ನೆಪದಲ್ಲಿ ಅವರು ಕೇಳುವುದು ಬೇರೆಯೇ ಎಂದು ಇಬ್ಬರಿಗೂ ಗೊತ್ತಿತ್ತು. ಇನ್‌ಸ್ಪೆಕ್ಟರಮ್ಮ ಜೀಪಿನಲ್ಲಿ ಕೂತು, "ನಡೀರಿ" ಎಂದು ಚಾಲಕನಿಗೆ ಹೇಳಿದರು.

ನಾಲ್ಕಕ್ಕೆ ಪರೀಕ್ಷಾಲಯದ ಬಾಗಿಲಲ್ಲಿ ನಿಂತು, "ಮಾಮ, ನಿಮ್ಮ ಮನೆಗೆ ಹೋಗೋಣ್ವಾ?" ಎಂದಷ್ಟೇ ಕೇಳಿದರು. ಮಾಮ ಯಾಕೆಂದು ಕೇಳಲಿಲ್ಲ. ಬೂದು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಮಡಿಕೆ ಸರಿಮಾಡಿ, ಹೊರಟರು.

ಕಾನೂನಿನ ಪ್ರಕಾರ ಪಂಚರು ಬೇಕು. ಒಬ್ಬರು ಪಕ್ಕದ ಮನೆಯ ದರ್ಜಿ. ಇನ್ನೊಬ್ಬರಾಗಿ ಇನ್‌ಸ್ಪೆಕ್ಟರಮ್ಮ ಅಗ್ನಿಶಾಮಕ ಅಧಿಕಾರಿಯನ್ನೇ ಕರೆಸಿದ್ದರು. ಕಳುವಾದದ್ದನ್ನು ಗುರುತಿಸಲು ನಿರ್ದೇಶಕರೂ ಬಂದರು. ಬರುವಾಗ ಐದನೇ ನಂಬರನ್ನೂ ತರಬೇಕೆಂದು ಇನ್‌ಸ್ಪೆಕ್ಟರಮ್ಮ ಹೇಳಿದ್ದರು. ಯಾಕೆಂದು ಅವರು ಕೇಳಿದ್ದಕ್ಕೆ "ಹೋಲಿಕೆಗೆ" ಎಂದಷ್ಟೇ ಹೇಳಿದ್ದರು.

ಮಾಮನ ಹೆಂಡತಿ ಬಾಗಿಲು ತೆರೆದು ಇಷ್ಟು ಜನ ನೋಡಿ ಹಿಗ್ಗಿಹೋದರು. "ಬನ್ನಿ ಬನ್ನಿ, ಇವರ ಆಫೀಸಿನವರಾ? ಗೆರೆ ತುಳೀಬೇಡಿ, ಅಳಿಸಿದ್ರೆ ಇವರು ಬೈತಾರೆ. ಮಂಡಿ ನೋವಿಗೆ ನಡೀಬೇಕು ಅಂದಿದ್ದಾರಂತೆ ಡಾಕ್ಟ್ರು. ಸೋಮವಾರದಿಂದ ಮನೆಯೊಳಗೇ ವಾಕಿಂಗು!"

ಬಾಗಿಲಿಂದ ಅಡುಗೆಮನೆವರೆಗಿನ ಓಣಿಯಂಥ ಜಾಗದಲ್ಲಿ ಸೀಮೆಸುಣ್ಣದ ಹನ್ನೆರಡು ಗೆರೆಗಳಿದ್ದವು. ಗೆರೆಗಳ ಕೊನೆಗೆ ಸ್ಟೂಲು. ಸ್ಟೂಲಿನ ಮೇಲೆ ಹಳೆಯ ಅಲಾರಂ ಗಡಿಯಾರ. ಮಾಮ ಕಪಾಟಿನ ಮೇಲಿನ ಖಾನೆಯಿಂದ, ಮೆತ್ತನೆಯ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮೂರನೇ ನಂಬರನ್ನು ತಂದು ಮೇಜಿನ ಮೇಲಿಟ್ಟರು.

"ಇದರೊಳಗಿನ ಬ್ಯಾಟರಿ?" ಎಂದರು ಇನ್‌ಸ್ಪೆಕ್ಟರಮ್ಮ.

"ಅಂಗಡಿಯಿಂದ ತಂದೆ. ಆಫೀಸಿನ ಬ್ಯಾಟರಿ ಮನೆಗೆ ತರೋದು ತಪ್ಪಲ್ವಾ ಮೇಡಂ?"

ಚಿಕ್ಕಪ್ಪ ಗೋಡೆಯ ಕಡೆ ತಿರುಗಿಕೊಂಡರು. ಅವರ ಹೆಗಲು ಕುಣಿಯುತ್ತಿತ್ತು.

"ಗಡಿಯಾರ ಯಾಕೆ?"

"ನಮ್ಮ ತಂದೆಯದು. ಹಳೇ ಕಾಲದ್ದು, ಕತ್ತಲಲ್ಲಿ ಅಂಕಿ ಹೊಳೆಯೋಕೆ ಅಂತ ರೇಡಿಯಂ ಬಳಿದಿದ್ದಾರೆ. ಹತ್ತಿರ ಹಿಡಿದ್ರೆ ಮೀಟರಿಗೆ ಗೊತ್ತಾಗುವಷ್ಟು ವಿಕಿರಣ ಇದೆ. ಮಾಮೂಲಿಗಿಂತ ಸ್ವಲ್ಪ ಹೆಚ್ಚಾದ್ರೂ ಕೂಗೋ ಹಾಗೆ ಮೀಟರನ್ನ ಇಟ್ಟು, ಮಗಳು ನಡೆಯೋ ಹಾಗೆ ನಡೆದು ನೋಡ್ತಿದ್ದೆ. ಎಷ್ಟು ಸಲ ನಡೆದರೂ ಅಷ್ಟೇ ಸೆಕೆಂಡು ಬಂತು ಮೇಡಂ."

"ಪಂಚರ ಮುಂದೆ ನಡೆದು ನೋಡೋಣ. ಸಾಹೇಬ್ರೇ, ನಿಮ್ಮ ದಳದ ಲೆಕ್ಕದಲ್ಲಿ ನೀವೇ ನಡೀರಿ" ಎಂದರು ಇನ್‌ಸ್ಪೆಕ್ಟರಮ್ಮ.

ನಾಲ್ಕು ಐವತ್ತೆರಡು. ಅಧಿಕಾರಿ ಐದನೇ ನಂಬರು ಹಿಡಿದು ನಡೆದರು. ಸೆಕೆಂಡಿಗೊಂದು ಹೆಜ್ಜೆ, ಹೆಜ್ಜೆಗೊಂದು ಗೆರೆ. ಹನ್ನೊಂದನೇ ಗೆರೆಯಲ್ಲಿ, ಗಡಿಯಾರಕ್ಕೆ ಇನ್ನೂ ಒಂದು ಹೆಜ್ಜೆ ಇರುವಾಗಲೇ ಮೀಟರು ಚಟಪಟಗುಟ್ಟಿತು. ಅವರು ತಟ್ಟನೆ ನಿಂತರು.

ನಾಲ್ಕು ಐವತ್ತೈದು. ಅದೇ ಅಧಿಕಾರಿ, ಅದೇ ಹೆಜ್ಜೆ, ಕೈಯಲ್ಲಿ ಮೂರನೇ ನಂಬರು. ಹನ್ನೊಂದನೇ ಗೆರೆ ದಾಟಿತು. ಹನ್ನೆರಡು ದಾಟಿತು. ಮೀಟರು ಗಡಿಯಾರದ ಗಾಜಿಗೆ ತಾಗಿತು. ಸದ್ದಿಲ್ಲ. ಅಧಿಕಾರಿ ಕೈ ಹಾಗೇ ಹಿಡಿದು ನಿಂತರು. ಇನ್‌ಸ್ಪೆಕ್ಟರಮ್ಮ ಕೈಗಡಿಯಾರ ನೋಡುತ್ತ ಗಟ್ಟಿಯಾಗಿ ಎಣಿಸತೊಡಗಿದರು. ದರ್ಜಿಯೂ ಸೇರಿಕೊಂಡ, ಮಾಮನ ಹೆಂಡತಿಯೂ ಸೇರಿಕೊಂಡರು. ಹದಿನೇಳು ಎನ್ನುವಾಗ ಮೀಟರು ಪೀಂ ಎಂದಿತು.

"ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ" ಎಂದರು ಚಿಕ್ಕಪ್ಪ. ಅವರ ಹೆಗಲು ಈಗ ಕುಣಿಯುತ್ತಿರಲಿಲ್ಲ.

ನಿರ್ದೇಶಕರು ನೆಲ ನೋಡುತ್ತ, "ಫಾರಂನಲ್ಲಿ ಕಾಲಂ ಇರಲಿಲ್ಲ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ಅಧಿಕಾರಿ ಹಿಂತಿರುಗಿ ಹನ್ನೆರಡು ಗೆರೆಗಳನ್ನು ನೋಡಿದರು. ಹೊಗೆಯೊಳಗೆ ಹದಿನೇಳು ಸೆಕೆಂಡು ಎಂದರೆ ಇನ್ನೂ ಹದಿನೇಳು ಹೆಜ್ಜೆ ಒಳಗೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಚಿಕ್ಕಪ್ಪ, ಕಂಡದ್ದನ್ನೆಲ್ಲ ಬರೀರಿ. ಒಂದೂ ಬಿಡಬೇಡಿ" ಎಂದರು ಇನ್‌ಸ್ಪೆಕ್ಟರಮ್ಮ.

ಚಿಕ್ಕಪ್ಪನ ಜೀವಮಾನದಲ್ಲಿ ಯಾವ ಮೇಲಧಿಕಾರಿಯೂ ಹೇಳದಿದ್ದ ಮಾತದು. ಅವರು ಟೇಪು ಹಿಡಿದು ಗೆರೆಯಿಂದ ಗೆರೆಗೆ ಅಳೆದರು, ಸ್ಟೂಲಿನ ಎತ್ತರ ಅಳೆದರು, ಎರಡು ನಡಿಗೆಯ ಸಮಯವನ್ನೂ ಸೆಕೆಂಡಿನ ಲೆಕ್ಕದಲ್ಲಿ ಬರೆದರು. ಜಪ್ತಿ ಪಂಚನಾಮೆ ನಾಲ್ಕು ಪುಟವಾಯಿತು. ಮೂರು ಪತ್ರಗಳಿಗೆ ದಕ್ಕದ ಕಾಲಂ ಅದರೊಳಗೆ ತಾನಾಗಿ ಬಂದು ಕೂತಿತು. ಅಧಿಕಾರಿ ಪ್ರತಿ ಪುಟಕ್ಕೂ ಸಹಿ ಹಾಕಿ, ಒಂದು ನಕಲು ಕೇಳಿ ಪಡೆದು ಹೊರಟುಹೋದರು. ಐದು ಮೂವತ್ತೈದಕ್ಕೆ ಇನ್‌ಸ್ಪೆಕ್ಟರಮ್ಮ, "ಮಾಮ, ಈಗ ನಿಮ್ಮನ್ನ ಅರೆಸ್ಟ್ ಮಾಡ್ಬೇಕು" ಎಂದರು. ಮಾಮನ ಹೆಂಡತಿಗೆ ಆಗ ಅರ್ಥವಾಯಿತು. ಗಂಡನನ್ನೇ ಒಂದು ಗಳಿಗೆ ನೋಡಿ, ಒಳಗೆ ಹೋಗಿ ಅವರ ಸ್ವೆಟರು ತಂದು ಕೈಗಿತ್ತು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡಾಯಿತು. ಮಾಮ ಯಾವುದನ್ನೂ ಅಲ್ಲಗಳೆಯಲಿಲ್ಲ. ಕೆಲಸ ಹೋಗುತ್ತದೆ, ನಿವೃತ್ತಿಗೆ ಉಳಿದಿದ್ದ ಎಂಟು ತಿಂಗಳು ಮಣ್ಣುಪಾಲು ಎಂದು ಅವರಿಗೆ ಗೊತ್ತಿತ್ತು. ಮುಂದಿಟ್ಟ ಟೀ ಮಾತ್ರ ಮುಟ್ಟಿರಲಿಲ್ಲ.

"ಮಗಳು ಇದ್ದಾಳೆ ಅಂತ ಯಾಕೆ ಬಚ್ಚಿಟ್ರಿ?"

"ಹೇಳಿದ್ರೆ ನನ್ನನ್ನ ಪರೀಕ್ಷೆಯಿಂದ ತೆಗೀತಿದ್ರು. ಆಮೇಲೆ ಆ ಸೆಕೆಂಡುಗಳನ್ನ ಎಣಿಸೋರು ಯಾರು?"

"ಕದಿಯೋ ಬದಲು ಕೈಜಾರಿ ಬೀಳಿಸಬಹುದಿತ್ತಲ್ಲ ಮಾಮ? ಒಡೆದುಹೋಯ್ತು ಅಂದಿದ್ರೆ ಕೇಸೂ ಇಲ್ಲ, ಏನೂ ಇಲ್ಲ."

ಮಾಮ ಗಾಬರಿಯಿಂದ ತಲೆಯೆತ್ತಿದರು. "ಅದೇನು ತಪ್ಪು ಮಾಡಿತ್ತು ಮೇಡಂ? ಅದು ನಿಧಾನ, ಅಷ್ಟೇ. ಕೂತು ಅಳೆಯೋ ಕೆಲಸಕ್ಕೆ ಅದರಂಥದ್ದು ಇನ್ನೊಂದಿಲ್ಲ."

"ಇನ್ನೊಂದು ಕೇಳ್ತೀನಿ. ಇದು ಹೇಳಿಕೆಗೆ ಅಲ್ಲ. ಮಗಳು ಆ ಕೆಲಸದಲ್ಲಿ ಇಲ್ಲದೇ ಇದ್ದಿದ್ರೆ ಕದೀತಿದ್ರಾ?"

ಮಾಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇಲ್ಲ ಮೇಡಂ. ನಾಲ್ಕನೇ ಪತ್ರ ಬರೀತಿದ್ದೆ" ಎಂದರು. ಹೇಳಿದ ಮೇಲೆ ನಾಚಿಕೆಯಿಂದ ಅವರ ಕಣ್ಣು ತುಂಬಿತು. ಇನ್‌ಸ್ಪೆಕ್ಟರಮ್ಮ ಅದನ್ನು ಬರೆದುಕೊಳ್ಳಲಿಲ್ಲ.

ಆರು ಐವತ್ತಕ್ಕೆ ಮಗಳು ಬಂದಳು. ಮೈಮೇಲೆ ಸಮವಸ್ತ್ರ, ಬೂಟಿನ ತುಂಬ ಕೆಸರು. ಇನ್‌ಸ್ಪೆಕ್ಟರಮ್ಮನ ಕಡೆ ನೋಡಲೂ ಇಲ್ಲ, ನೇರ ಅಪ್ಪನ ಮುಂದೆ ಹೋಗಿ ನಿಂತಳು.

"ಕದಿಯೋಕೆ ಹೋದ್ರಾ ಅಪ್ಪ ನೀವು? ಚಿಕ್ಕವಳಿದ್ದಾಗ ಸ್ಕೂಲಿಂದ ಒಂದು ಬಳಪ ತಂದಿದ್ದಕ್ಕೆ ವಾಪಸ್ ಕೊಟ್ಟು ಬಾ ಅಂತ ಅಷ್ಟು ದೂರ ನಡೆಸಿದ್ರಿ!"

"ಬೈ ಮಗಳೇ, ಬೈದುಬಿಡು."

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ಏನು ಮಾಡ್ತಿದ್ದೆ?"

"ಏನು ಮಾಡ್ತಿದ್ದೆ... ಹೋಗ್ತಿದ್ದೆ. ಕೊಟ್ಟಿದ್ದನ್ನ ಹಿಡ್ಕೊಂಡು ಹೋಗ್ತಿದ್ದೆ."

"ಅದಕ್ಕೇ ಹೇಳಲಿಲ್ಲ" ಎಂದರು ಮಾಮ.

ಮಗಳು ಅಪ್ಪನ ಪಕ್ಕದ ಬೆಂಚಿನಲ್ಲಿ ಧೊಪ್ಪನೆ ಕೂತು ಗಳಗಳ ಅತ್ತುಬಿಟ್ಟಳು. ಬೆಂಕಿಗೆ ಹೆದರದ ಹುಡುಗಿ ಅಪ್ಪನ ಸ್ವೆಟರಿನ ತೋಳಿಗೆ ಮೂಗು ಒರೆಸಿಕೊಂಡಳು. ಮಾಮ ಅವಳ ತಲೆ ಸವರುತ್ತ, ಅವಳು ಸುಧಾರಿಸಿಕೊಳ್ಳುವವರೆಗೆ ಕಾದು, ಎರಡು ದಿನದಿಂದ ಕೊರೆಯುತ್ತಿದ್ದ ಒಂದೇ ಪ್ರಶ್ನೆ ಕೇಳಿದರು.

"ನಿನ್ನ ಕೈಗೆ ಯಾವುದು ಕೊಡ್ತಾರಂತೆ?"

"ಖರೀದಿ ನಿಲ್ಲಿಸಿದ್ದಾರೆ. ಐದು ಸೆಕೆಂಡಿನೊಳಗೆ ಕೂಗದ ಮೀಟರು ನಮ್ಮ ಮಕ್ಕಳ ಕೈಗೆ ಬೇಡ ಅಂತ ನಮ್ಮ ಸಾಹೇಬ್ರು ಬರೆದು ಕಳಿಸಿಬಿಟ್ರು. ಪಂಚನಾಮೆ ನಕಲೂ ಜೊತೆಗೆ ಹೋಗಿದೆ. ಮತ್ತೆ ಪರೀಕ್ಷೆ ಮಾಡಿಸ್ತಾರಂತೆ, ಸ್ಟಾಪ್‌ವಾಚ್ ಇಟ್ಟು."

ಮಾಮ ಆರಿ ತಣ್ಣಗಾಗಿದ್ದ ಟೀಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದರು. ಆಮೇಲೆ ಅರೆಸ್ಟ್ ಮೆಮೊವನ್ನು ತಾವೇ ಹತ್ತಿರ ಎಳೆದುಕೊಂಡರು.

"ಸಹಿ ಎಲ್ಲಿ ಹಾಕ್ಬೇಕು ಮೇಡಂ?" ಎಂದರು. ಇನ್‌ಸ್ಪೆಕ್ಟರಮ್ಮ ಬೆರಳಿಟ್ಟು ತೋರಿಸಿದರು. ಮಾಮ ನಗುಮುಖದಿಂದ, ದುಂಡಗೆ ಸಹಿ ಹಾಕಿ, ಅದರ ಮುಂದೆ ಸಮಯ ಏಳು ಗಂಟೆ ಐದು ನಿಮಿಷ ಎಂದು ಬರೆದರು.